ಸುಂಕದವನ ಮುಂದೆ ಸುಖದುಃಖ: ಒಂಟಿ ಲಾರಿಯ ಲೆಕ್ಕ



ದತ್ತಿ ಉಪನ್ಯಾಸ ಎಂದರೆ ಸಾಮಾನ್ಯವಾಗಿ ವಚನ, ಕೀರ್ತನೆ, ಇಲ್ಲವೇ ಗಣಿಯ ಚರಿತ್ರೆ. ಲಾರಿಯವರ ತೆರಿಗೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಈ ದತ್ತಿ ಇಟ್ಟವರ ತಂದೆ ಸ್ಟೇರಿಂಗ್ ಹಿಡಿದೇ ಮಕ್ಕಳನ್ನು ಓದಿಸಿದವರು ಎಂದು ನೆನಪಿಸಿದ ಮೇಲೆ ಒಪ್ಪಿದರು. ಆಹ್ವಾನ ಪತ್ರಿಕೆಯ ಕೊನೆಗೆ ನನ್ನದೊಂದು ಸಾಲು ಸೇರಿಸಲು ಕೇಳಿಕೊಂಡಿದ್ದೆ: 'ಲಾರಿ ಇರುವವರು ಆರ್‌ಸಿ ಬುಕ್ ತನ್ನಿ.' ಅದು ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಬಂಗಾರಪೇಟೆಯಲ್ಲಿ ಮೂವತ್ತು ವರ್ಷ ತೆರಿಗೆ ಕಾಗದ ಬರೆದುಕೊಟ್ಟು ಬದುಕಿದವನು ನಾನು. ಈ ಮೂವತ್ತು ವರ್ಷದಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಒಂದೇ. ಲಾರಿಯನ್ನು ಮೇಸ್ತ್ರಿ ಶೆಡ್ಡಿನಲ್ಲಿ ಬಿಟ್ಟು, ಗ್ರೀಸ್ ಕೈ ಒರೆಸಿಕೊಳ್ಳುತ್ತ ಬಂದು ಕೂತವರು ಕೇಳುತ್ತಿದ್ದದ್ದು: "ಸಾರ್, ಎರಡು ತಿಂಗಳಿಂದ ಗಾಡಿ ನಿಂತೈತೆ. ಇಂಜಿನ್ ಕೆಳಗಿಳಿಸವ್ರೆ. ಇದಕ್ಕೂ ಲೆಕ್ಕ ಹಾಕ್ತೀರಾ?" ಹಾಕಬೇಕಿತ್ತು, ಹಾಕುತ್ತಿದ್ದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಆಗೆಲ್ಲ ಬಾಯಿಗೆ ಬಂದು ನಿಲ್ಲುತ್ತಿತ್ತು. ಆ ಗಾದೆ ಲಾರಿಯವರ ವಿಷಯದಲ್ಲಿ ಕಾನೂನೇ ಆಗಿದೆ. ಅದರಲ್ಲಿ ಅವರಿಗೆ ಸಿಕ್ಕಿದ ದಯೆ ಎಷ್ಟು, ಬಿದ್ದ ಪೆಟ್ಟು ಎಷ್ಟು, ಅವರು ಮಾಡಿಕೊಂಡ ತಪ್ಪು ಯಾವುದು ಎಂಬುದಷ್ಟೇ ಇಂದಿನ ನನ್ನ ಮಾತು.

ಹೇರಿನ ಲೆಕ್ಕ

ನಮ್ಮ ನಾಡಿನ ಶಾಸನಗಳಲ್ಲಿ ಸುಂಕದ ಹೆಸರುಗಳು ರಾಶಿ ಇವೆ. ಹೆಜ್ಜುಂಕ, ವಡ್ಡರಾವುಳ, ಕಿರುಕುಳ ಎಂದೆಲ್ಲ ಬರುತ್ತವೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ, 1905ರಲ್ಲಿ ಬಂದದ್ದು. ಹಳೆಯ ಸುಂಕದವನು ವ್ಯಾಪಾರಿಯನ್ನು ನಿಲ್ಲಿಸಿ ನಿನಗೆ ಲಾಭ ಎಷ್ಟು ಎಂದು ಕೇಳುತ್ತಿರಲಿಲ್ಲ. ಹೇರು ಎಣಿಸುತ್ತಿದ್ದ. ಒಂದು ಎತ್ತು ಹೊರುವ ಮೂಟೆಗೆ ಹೇರು ಎಂದು ಹೆಸರು. ಹೇರಿಗಿಷ್ಟು ಎಂದು ವಸೂಲಿ. ದಾರಿಯಲ್ಲಿ ಎತ್ತು ಕುಂಟಿತೋ, ಮಳೆಯಲ್ಲಿ ಮೆಣಸು ನೆನೆಯಿತೋ, ಅದು ವ್ಯಾಪಾರಿಯ ಸುಖದುಃಖ.

ಆದಾಯ ತೆರಿಗೆ ಬಂದ ಮೇಲೆ ಈ ಪದ್ಧತಿ ತಿರುಗಿತು. ಸರ್ಕಾರ ಲಾಭವನ್ನೇ ಕೇಳತೊಡಗಿತು. ಲಾಭ ಹೇಳಬೇಕಾದರೆ ಖರ್ಚು ಹೇಳಬೇಕು, ಖರ್ಚಿಗೆ ಚೀಟಿ ಬೇಕು. ರಾತ್ರಿ ಎರಡು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಪಂಚರ್ ಹಾಕಿದವನು ಚೀಟಿ ಕೊಡುತ್ತಾನೆಯೇ? ಹಮಾಲಿ ಕೊಡುತ್ತಾನೆಯೇ? ಕೈಯಲ್ಲಿ ಚೀಟಿ ಇಲ್ಲದವನ ಮಾತನ್ನು ಅಧಿಕಾರಿ ನಂಬುವುದಿಲ್ಲ, ಅಧಿಕಾರಿಯ ಅಂದಾಜನ್ನು ಲಾರಿಯವನು ಒಪ್ಪುವುದಿಲ್ಲ. ಈ ಜಗ್ಗಾಟ ಮುಗಿಸಲು 1994ರಲ್ಲಿ 1961ರ ಆದಾಯ ತೆರಿಗೆ ಕಾಯ್ದೆಗೆ 44ಎಇ ಎಂಬ ಸೆಕ್ಷನ್ ಸೇರಿತು. ಈಗ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು, 2026ರ ಏಪ್ರಿಲ್ 1ರಿಂದ ಅದೇ ವಿಷಯ 58ನೇ ಸೆಕ್ಷನ್ನಿನೊಳಗೆ ಹೋಗಿದೆ. ಆದರೂ ಆಡಿಟರ್ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ 'ನಲವತ್ತನಾಲ್ಕು ಎಇ'. ನಾನೂ ಹಳೆಯ ನಂಬರುಗಳನ್ನೇ ಹೇಳುತ್ತೇನೆ.

ಆ ಸೆಕ್ಷನ್ ಹೇಳುವುದು ಇಷ್ಟು. ವರ್ಷದಲ್ಲಿ ಯಾವ ದಿನವೂ ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರು ಲೆಕ್ಕದ ಪುಸ್ತಕ ಇಡಬೇಕಿಲ್ಲ, ಆಡಿಟ್ ಮಾಡಿಸಬೇಕಿಲ್ಲ. ಗಾಡಿಯ ಒಟ್ಟು ತೂಕ 12,000 ಕಿಲೋ ಮೀರದಿದ್ದರೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ಹಿಡಿ. ಮೀರಿದ್ದರೆ ಟನ್ನಿಗೆ, ತಿಂಗಳಿಗೆ, 1,000 ರೂಪಾಯಿ. ಟನ್ನಿನ ಈ ಲೆಕ್ಕ ಬಂದದ್ದು 2018ರ ಬಜೆಟ್ಟಿನಲ್ಲಿ. ಅದಕ್ಕೆ ಮುಂಚಿನ ಕೆಲವು ವರ್ಷ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ 7,500 ಇತ್ತು. ನಿಮ್ಮ ನಿಜವಾದ ಗಳಿಕೆ ಇದಕ್ಕಿಂತ ಹೆಚ್ಚೆಂದು ನೀವೇ ಹೇಳಿದರೆ ಆ ಹೆಚ್ಚಿನದೇ ಲೆಕ್ಕಕ್ಕೆ.

ಸಾವಿರ ವರ್ಷ ಸುತ್ತಿ ನಾವು ಮತ್ತೆ ಹೇರಿಗೆ ಬಂದಂತಾಯಿತು. ಒಂದೇ ವ್ಯತ್ಯಾಸ. ಒಟ್ಟು ತೂಕ ಎಂದರೆ ಲೋಡಿನ ಜೊತೆ ಲಾರಿಯ ಸ್ವಂತ ತೂಕವೂ ಸೇರಿದ್ದು. ಹಳೆಯ ಸುಂಕದವನು ಹೇರನ್ನು ಮಾತ್ರ ಎಣಿಸಿದ. ಇವನು ಎತ್ತನ್ನೂ ತೂಗುತ್ತಾನೆ.

ಟನ್ ಎಂಬ ಮಾತು ಈ ಊರಿಗೆ ಹೊಸದಲ್ಲ

ಕೆಜಿಎಫ್‌ನವರಿಗೆ ಟನ್ನಿನ ಲೆಕ್ಕ ನಾನು ಹೇಳಿಕೊಡಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಊರಿನ ಹಣೆಬರಹ ಬರೆದದ್ದೇ ಟನ್ನು: ಒಂದು ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ. ಮೊದಲ ವರ್ಷಗಳಲ್ಲಿ 40 ಗ್ರಾಂ ಮೀರಿ ಸಿಗುತ್ತಿದ್ದದ್ದು ಕೊನೆಗೆ ಮೂರರ ಆಸುಪಾಸಿಗೆ ಇಳಿಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, 1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮುಚ್ಚಿದ್ದು ಸರಿಯೋ ತಪ್ಪೋ ಎಂದು ಈಗಲೂ ಈ ಊರಿನಲ್ಲಿ ಜಗಳವಿದೆ. ಆದರೆ ಗಣಿ ತನ್ನ ಟನ್ನಿಗೆ ಎಷ್ಟು ಬರುತ್ತಿದೆ ಎಂಬುದನ್ನು ಕೊನೆಯ ದಿನದವರೆಗೂ ಬರೆದಿಟ್ಟುಕೊಂಡಿತ್ತು. ಈ ಮಾತು ನೆನಪಿಡಿ, ಮತ್ತೆ ಬರುತ್ತೇನೆ.

ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದವರ ಕಥೆ ಎಲ್ಲರಿಗೂ ಗೊತ್ತು. ರೈಲು ಹತ್ತದೆ ಸ್ಟೇರಿಂಗ್ ಹಿಡಿದವರೂ ಇದ್ದಾರೆ. ಕೆಎ 08 ಎಂಬುದು ಕೆಜಿಎಫ್ ಆರ್‌ಟಿಒ ನಂಬರು. ಆ ನಂಬರಿನ ಗಾಡಿಯ ಮೇಲೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ದೇವರ ಹೆಸರು ಕಾಣುತ್ತದೆ. ಸುತ್ತಲೂ ಲೋಡಿಗೆ ಕೊರತೆಯಿಲ್ಲ. ಕೋಲಾರ ಎಪಿಎಂಸಿಯ ಟೊಮೇಟೊ, ಮಾಲೂರಿನ ಇಟ್ಟಿಗೆ ಹೆಂಚು, ನರಸಾಪುರ ವೇಮಗಲ್ ಕಾರ್ಖಾನೆಗಳ ಸರಕು, ಕಲ್ಲು, ಜಲ್ಲಿ. ಇಲ್ಲೇ ಬೆಮೆಲ್ ಕಟ್ಟುವ ಬುಲ್ಡೋಜರುಗಳು ಯಾವ ಆರ್‌ಸಿಗೂ ನಿಲುಕದಷ್ಟು ದೊಡ್ಡವು. ನಾನು ಮಾತಾಡುತ್ತಿರುವುದು ಕಂತು ಕಟ್ಟುವ ಲಾರಿಯ ಬಗ್ಗೆ.

ಒಬ್ಬನ ಹೆಸರೋ, ಅಣ್ಣತಮ್ಮಂದಿರ ಫರ್ಮೋ, ಕಂಪನಿಯೋ

ಈಗ ಲೆಕ್ಕ. ಆರ್‌ಸಿಯಲ್ಲಿ 28 ಟನ್ ಎಂದಿರುವ ಹತ್ತು ಚಕ್ರದ ಗಾಡಿ ಒಂದಿದೆ ಎನ್ನಿ. ತಿಂಗಳಿಗೆ 28,000, ವರ್ಷಕ್ಕೆ 3,36,000 ರೂಪಾಯಿ ಆದಾಯವೆಂದು ಕಾನೂನು ಹಿಡಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ವ್ಯಕ್ತಿಯೊಬ್ಬನ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಒಂದಲ್ಲ, ಅಂಥ ಮೂರು ಗಾಡಿ ಇದ್ದರೂ 10,08,000, ಆಗಲೂ ಸೊನ್ನೆ. ನಾಲ್ಕನೆಯದು ಬಂದು ವರ್ಷ ಪೂರ್ತಿ ಓಡಿದರೆ ಆದಾಯ 13,44,000 ಆಗುತ್ತದೆ, ತೆರಿಗೆ ಸೆಸ್ ಸೇರಿ 84,864 ರೂಪಾಯಿ. ಬೇರೆ ಆದಾಯವಿಲ್ಲದ ಮನುಷ್ಯನ ಲೆಕ್ಕ ಇದು.

ಇದೇ ಮೂರು ಗಾಡಿಯನ್ನು ಅಣ್ಣತಮ್ಮಂದಿರಿಬ್ಬರು ಪಾಲುದಾರಿಕೆ ಫರ್ಮ್ ಮಾಡಿಕೊಂಡು ಓಡಿಸಿದರು ಎನ್ನಿ. 'ಟ್ರಾನ್ಸ್‌ಪೋರ್ಟ್ಸ್' ಎಂದು ಹೆಸರಿಟ್ಟು ಬೋರ್ಡು ಬರೆಸಿದರೆ ಗೌರವ ಹೆಚ್ಚು ಎಂಬ ಆಸೆ. ಆದರೆ ಫರ್ಮಿಗೆ 12 ಲಕ್ಷದ ರಿಯಾಯಿತಿ ಇಲ್ಲ, ತೆರಿಗೆ ಇಲ್ಲದ 4 ಲಕ್ಷದ ಮೊದಲ ಮೆಟ್ಟಿಲೂ ಇಲ್ಲ. ಮೊದಲ ರೂಪಾಯಿಗೇ ಶೇ 30. ದುಡಿಯುವ ಪಾಲುದಾರರಿಗೆ ಸಂಬಳ ಕೊಡುವುದನ್ನು ಕಳೆಯಬಹುದು, ಅದಕ್ಕೂ ಮಿತಿ ಇದೆ. ಮೊದಲ 6 ಲಕ್ಷಕ್ಕೆ ಶೇ 90, ಮಿಕ್ಕಿದ್ದಕ್ಕೆ ಶೇ 60. ಹತ್ತು ಲಕ್ಷ ಎಂಟು ಸಾವಿರದಲ್ಲಿ 7,84,800 ಸಂಬಳಕ್ಕೆ ಹೋದರೆ 2,23,200 ಉಳಿಯಿತು. ಅದರ ಮೇಲೆ ಸೆಸ್ ಸೇರಿ ಸುಮಾರು 70 ಸಾವಿರ ತೆರಿಗೆ. ಗಾಡಿ ಅವೇ, ರಸ್ತೆ ಅದೇ, ಬೋರ್ಡಿನ ಬೆಲೆ ವರ್ಷಕ್ಕೆ 70 ಸಾವಿರ! ಪಾಲುಪತ್ರದಲ್ಲಿ ಸಂಬಳದ ಮಾತು ಬರೆಯದೆ ಬಿಟ್ಟಿದ್ದರೆ ಪೂರಾ ಹತ್ತು ಲಕ್ಷದ ಮೇಲೂ ಬೀಳುತ್ತದೆ. ಅಂಥ ಪಾಲುಪತ್ರಗಳನ್ನು ನಾನು ಕಂಡಿದ್ದೇನೆ. ಸ್ಟಾಂಪ್ ಕಾಗದದವನು ಅಂಗಡಿಯ ನಮೂನೆಯಲ್ಲೇ ಬರೆದುಕೊಟ್ಟಿರುತ್ತಾನೆ.

ಇನ್ನು ಪ್ರೈವೇಟ್ ಲಿಮಿಟೆಡ್. ಮಗ ಬಿಕಾಂ ಓದಿದ ಮನೆಗಳಲ್ಲಿ ಈ ಮಾತು ಏಳುತ್ತದೆ. ಕಂಪನಿಗೂ ಟನ್ನಿನ ಲೆಕ್ಕ ಸಿಗುತ್ತದೆ. ಆದರೆ ತೆರಿಗೆ ಇಲಾಖೆ ಬೇಡ ಎಂದ ಲೆಕ್ಕದ ಪುಸ್ತಕವನ್ನು, ಆಡಿಟ್ಟನ್ನು ಕಂಪನಿ ಕಾಯ್ದೆ ಬೇಕೇ ಬೇಕು ಎನ್ನುತ್ತದೆ. ನಿರ್ದೇಶಕನೆಂದು ತಂದೆ ತೆಗೆದುಕೊಳ್ಳುವ ಸಂಬಳವನ್ನು ಟನ್ನಿನ ಆದಾಯದಿಂದ ಕಳೆಯಲು ಬರುವುದಿಲ್ಲ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಾಲೀಕನೇ ಚಾಲಕನಾಗಿದ್ದರೆ ಅವನಿಗೆಂದು 15 ಲಕ್ಷದ ಕಡ್ಡಾಯ ಅಪಘಾತ ವಿಮೆ 2018ರಿಂದ ಇದೆ. ಗಾಡಿ ಫರ್ಮಿನ ಹೆಸರಲ್ಲೋ ಕಂಪನಿಯ ಹೆಸರಲ್ಲೋ ಇದ್ದರೆ ಆ ವಿಮೆ ಇಲ್ಲ. ಕಂಪನಿ ಸ್ಟೇರಿಂಗ್ ಹಿಡಿಯುವುದಿಲ್ಲವಲ್ಲ!

ಹಾಗಾದರೆ ಕಂಪನಿ ಯಾರಿಗೂ ಬೇಡವೇ? ಬೇಕು. ಹತ್ತು ಗಾಡಿ ದಾಟುವವರಿಗೆ, ಕಾರ್ಖಾನೆಯ ಜೊತೆ ವರ್ಷದ ಕಾಂಟ್ರಾಕ್ಟ್ ಮಾಡಿಕೊಳ್ಳುವವರಿಗೆ, ಸಾಲಕ್ಕೆ ಮನೆಯನ್ನೂ ಎಳೆಯಬಾರದು ಎನ್ನುವವರಿಗೆ ಬೇಕು. ಒಂದರಿಂದ ಮೂರು ಗಾಡಿಯ ಓನರ್ ಕಂ ಡ್ರೈವರ್‌ಗೆ ಸ್ವಂತ ಹೆಸರೇ ಸಾಕು. ಅಣ್ಣನದು ಅಣ್ಣನ ಹೆಸರಲ್ಲಿ, ತಮ್ಮನದು ತಮ್ಮನ ಹೆಸರಲ್ಲಿ. ಕಂತೂ ಅವರವರ ಖಾತೆಯಿಂದ. ಉದ್ಯಮ್ ನೋಂದಣಿ ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಆಯಿತು. ಅದಕ್ಕೂ ಎರಡು ಸಾವಿರ ಕೇಳುವವರಿದ್ದಾರೆ, ಕೊಡಬೇಡಿ.

ಹೆಂಡತಿ ಹೆಸರಲ್ಲಿ ತಗೊಂಡರೆ ತಪ್ಪಿಸಿಕೊಳ್ಳಬಹುದಲ್ಲ ಎಂದು ಕಣ್ಣು ಮಿಟುಕಿಸುವವರಿದ್ದಾರೆ. ದುಡ್ಡು ನಿಮ್ಮದಾಗಿದ್ದು ಹೆಸರು ಮಾತ್ರ ಅವರದಾಗಿದ್ದರೆ ಆ ಆದಾಯ ಮತ್ತೆ ನಿಮ್ಮದಕ್ಕೇ ಸೇರುತ್ತದೆ.

ಆರ್‌ಸಿಯಲ್ಲಿ ಯಾರ ಹೆಸರು

ಲಾರಿಯವರ ಕಾನೂನಿನಲ್ಲಿ ಹೆಸರೇ ಮೂಲ. ಕಂತು ಬಾಕಿ ಇರುವ ಗಾಡಿ ಫೈನಾನ್ಸಿನವರದು ಎಂದು ಹಲವರು ತಿಳಿದಿದ್ದಾರೆ. ತೆರಿಗೆಯ ಕಣ್ಣಿಗೆ ಅದು ನಿಮ್ಮದೇ. ಸಾಲದಲ್ಲಿ ತಂದ ಗಾಡಿ ನಿಮ್ಮ ಕೈಯಲ್ಲಿದ್ದರೆ ನೀವೇ ಮಾಲೀಕರು ಎಂದು ಸೆಕ್ಷನ್ನೇ ಹೇಳುತ್ತದೆ. ಓಡಿದ ತಿಂಗಳಿಗಲ್ಲ, ನಿಮ್ಮದಾಗಿದ್ದ ತಿಂಗಳಿಗೆ ಲೆಕ್ಕ. ಮೇಸ್ತ್ರಿ ಶೆಡ್ಡಿನಲ್ಲಿ ನಿಂತ ಎರಡು ತಿಂಗಳೂ ಕಾಗದದಲ್ಲಿ ಲಾರಿ ದುಡಿದಿದೆ. ತಿಂಗಳಲ್ಲಿ ಒಂದೇ ದಿನ ಇದ್ದರೂ ಇಡೀ ತಿಂಗಳು; ಮಾರ್ಚ್ 30ಕ್ಕೆ ಗಾಡಿ ತಂದರೆ ಆ ಮಾರ್ಚೂ ಸೇರಿತು. ಒಳ್ಳೆಯ ದಿನ ನೋಡುವ ಪುರೋಹಿತರು ಇದನ್ನೂ ಸ್ವಲ್ಪ ನೋಡಿದರೆ ಒಳ್ಳೆಯದು.

ಮಾರುವಾಗ ಎರಡು ಗುಂಡಿಗಳಿವೆ. ಮೊದಲನೆಯದು ಸವಕಳಿ. ಟನ್ನಿನ ಲೆಕ್ಕ ಕೊಟ್ಟವನು ಸವಕಳಿಯನ್ನು ಬೇರೆಯಾಗಿ ಕಳೆಯುವಂತಿಲ್ಲ, ಆದರೆ ವರ್ಷ ವರ್ಷವೂ ಕಳೆದಿದ್ದಾನೆ ಎಂದೇ ಕಾನೂನು ಭಾವಿಸುತ್ತದೆ. ಬಾಡಿಗೆಗೆ ಓಡುವ ಲಾರಿಗೆ ವರ್ಷಕ್ಕೆ ಶೇ 30. ಮೂವತ್ತು ಲಕ್ಷಕ್ಕೆ ತಂದ ಗಾಡಿ ಐದು ವರ್ಷದ ಮೇಲೆ ಕಾಗದದಲ್ಲಿ ಐದು ಲಕ್ಷ ಚಿಲ್ಲರೆ. ಆರನೆಯ ವರ್ಷ ಅದನ್ನು ಹನ್ನೆರಡು ಲಕ್ಷಕ್ಕೆ ಮಾರಿದರೆ, ನಿಮ್ಮಲ್ಲಿ ಬೇರೆ ಗಾಡಿ ಇಲ್ಲದಿದ್ದರೆ, ಸುಮಾರು ಏಳು ಲಕ್ಷ ಲಾಭ ಎಂದು ಬರುತ್ತದೆ. ನಿಮಗೆ ಹದಿನೆಂಟು ಲಕ್ಷ ನಷ್ಟವಾದಂತೆ ಕಂಡದ್ದು ಅಲ್ಲಿ ಏಳು ಲಕ್ಷ ಲಾಭ. ಅದೇ ವರ್ಷ ಇನ್ನೊಂದು ಗಾಡಿ ಕೊಂಡರೆ ಇದು ಅದರೊಳಗೆ ಕರಗುತ್ತದೆ.

ಎರಡನೆಯದು ಹೆಚ್ಚು ಅಪಾಯದ್ದು. 'ಕಂತು ನೀನು ಕಟ್ಕೊಂಡು ಹೋಗು, ಮುಗಿದ ಮೇಲೆ ಹೆಸರು ಬದಲಾಯಿಸೋಣ' ಎಂದು ಬಾಯಿಮಾತಿನಲ್ಲಿ ಗಾಡಿ ಕೈಬದಲಾಗುವುದು. ಮಾರಿದ 14 ದಿನದೊಳಗೆ ಮಾರಿದವನು, 30 ದಿನದೊಳಗೆ ಕೊಂಡವನು ಆರ್‌ಟಿಒಗೆ ತಿಳಿಸಬೇಕು. ತಿಳಿಸದೆ ಇದ್ದಾಗ ಗಾಡಿ ಯಾರಿಗಾದರೂ ಗುದ್ದಿದರೆ? 2018ರಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ: ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ. ಗಾಡಿ ಎಷ್ಟು ಕೈ ದಾಟಿದ್ದರೂ ಅಷ್ಟೇ. ಕೆಎ 08 ಗಾಡಿಯನ್ನು ನಂಬಿಕೆಯ ಮೇಲೆ ಬಿಟ್ಟುಕೊಟ್ಟವನ ಮನೆಗೆ ಮೂರು ವರ್ಷದ ಮೇಲೆ ಪರ ರಾಜ್ಯದ ಕೋರ್ಟಿನ ನೋಟಿಸು ಬಂದದ್ದನ್ನು ನೋಡಿದ್ದೇನೆ. ಅವನಿಗೆ ಆ ಗಾಡಿ ಆಗ ಯಾವ ಬಣ್ಣದಲ್ಲಿದೆ ಎಂಬುದೂ ಗೊತ್ತಿರಲಿಲ್ಲ.

ಬಿಲ್ಟಿ ಬರೆಯುವವನು ಯಾರು

ಜಿಎಸ್‌ಟಿ ಎಂದ ಕೂಡಲೇ ಲಾರಿಯವರು ಹೆದರುತ್ತಾರೆ. ಒಂದು ಸರಳ ಗುರುತು ಇಟ್ಟುಕೊಳ್ಳಿ: ಬಿಲ್ಟಿ ಬರೆಯುವವನು ಯಾರು? ಬಿಲ್ಟಿ ಎಂದರೆ ಸರಕು ಸಾಗಣೆಯ ರಸೀದಿ, ಎಲ್‌ಆರ್ ಎಂದರೂ ಅದೇ. ಬಿಲ್ಟಿ ಬರೆದವನು ಸರಕಿಗೆ ಹೊಣೆ ಹೊತ್ತವನು, ಅವನು ಸಾಗಣೆ ಏಜೆನ್ಸಿ. ಅವನ ವಿಷಯದಲ್ಲಿ ಜಿಎಸ್‌ಟಿ ಬರುತ್ತದೆ, ಅದನ್ನೂ ಹೆಚ್ಚಿನ ವೇಳೆ ಸರಕು ಕಳುಹಿಸುವ ಕಾರ್ಖಾನೆಯೇ ಕಟ್ಟುತ್ತದೆ. ಬಿಲ್ಟಿ ಬರೆಯದೆ, ಏಜೆನ್ಸಿಗೆ ಗಾಡಿ ಬಾಡಿಗೆಗೆ ಬಿಟ್ಟು ಓಡಿಸುವವನ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಬಂಗಾರಪೇಟೆಯ ಒಂಟಿ ಗಾಡಿಯವರಲ್ಲಿ ಬಹುಪಾಲು ಈ ಎರಡನೆಯ ಸಾಲಿನವರು. ಯಾರೋ ಹೇಳಿದರೆಂದು ಬಿಲ್ ಬುಕ್ ಅಚ್ಚು ಹಾಕಿಸಿ 'ಟ್ರಾನ್ಸ್‌ಪೋರ್ಟರ್' ಎಂದು ಬರೆಸಿ ಬಿಲ್ಟಿ ಹರಿದುಕೊಟ್ಟರೆ, ಸಾಲು ಬದಲಾಯಿತು.

ಇ-ವೇ ಬಿಲ್ಲಿನ ಪಾಡು ಬೇರೆ. ದೇಶದಲ್ಲೇ ಮೊದಲು ಅದನ್ನು ಓಡಿಸಿ ನೋಡಿದ್ದು ನಮ್ಮ ರಾಜ್ಯ, 2017ರ ಸೆಪ್ಟೆಂಬರಿನಲ್ಲಿ. ನಂಗಲಿ ಚೆಕ್‌ಪೋಸ್ಟಿನಲ್ಲಿ ರಾತ್ರಿಯಿಡೀ ಸಾಲು ನಿಂತವರಿಗೆ ಜಿಎಸ್‌ಟಿ ಬಂದಾಗ ಕಮರ್ಷಿಯಲ್ ಟ್ಯಾಕ್ಸ್ ಗೇಟು ಎದ್ದುಹೋದದ್ದು ದೊಡ್ಡ ಬಿಡುಗಡೆ. ಈಗ ಗೇಟು ಮೊಬೈಲಿನಲ್ಲಿದೆ. 50,000 ರೂಪಾಯಿ ಮೀರಿದ ಸರಕಿಗೆ ಬಿಲ್ಲು ಬೇಕು, 200 ಕಿಲೋಮೀಟರಿಗೆ ಒಂದು ದಿನದ ಆಯಸ್ಸು. ಟೊಮೇಟೊಗೆ ಬೇಡ, ಗ್ರಾನೈಟಿಗೆ ಬೇಕು. ಬಿಲ್ಲು ಮಾಡಬೇಕಾದವನು ಸರಕಿನವನು, ಆಯಸ್ಸು ಮುಗಿದು ಸಿಕ್ಕಿಬಿದ್ದು ರಸ್ತೆಯಲ್ಲಿ ನಿಲ್ಲುವವನು ಲಾರಿಯವನು. ಲೋಡು ಹಾಕುವ ಮುಂಚೆ ಕೇಳುವ ಮೂರನೆಯ ಪ್ರಶ್ನೆಯಾಗಿ ಇದನ್ನು ರೂಢಿಸಿಕೊಳ್ಳಿ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಿಲ್ಲು ಎಲ್ಲಿವರೆಗೆ.

ಟಿಡಿಎಸ್ ಕೂಡ ಹೀಗೆಯೇ. ಹತ್ತು ಗಾಡಿ ಮೀರದವನು ಪ್ಯಾನ್ ನಂಬರಿನ ಜೊತೆ ಒಂದು ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಏನೂ ಹಿಡಿಯುವಂತಿಲ್ಲ. ಕೊಡದಿದ್ದರೆ ನೂರಕ್ಕೆ ಒಂದು ಹೋಗುತ್ತದೆ, ಪ್ಯಾನೇ ಇಲ್ಲದಿದ್ದರೆ ಇಪ್ಪತ್ತು. ಒಂದು ಹಾಳೆ ಕಾಗದ. ಅದಕ್ಕೆ ಸೋಮಾರಿತನ ಮಾಡಿ ಬಿಟ್ಟ ದುಡ್ಡು ರಿಟರ್ನ್ ಹಾಕಿದರೆ ವಾಪಸು ಬರುತ್ತದೆ. 'ನನಗೆ ತೆರಿಗೆ ಇಲ್ಲ, ರಿಟರ್ನ್ ಯಾಕೆ' ಎನ್ನುವವನು ಅದನ್ನೂ ಬಿಡುತ್ತಾನೆ.

ಲಾರಿಯವರು ತೆರಿಗೆ ಕಟ್ಟುವುದಿಲ್ಲವೇ

ಪೇಟೆಯಲ್ಲಿ ಒಂದು ಮಾತಿದೆ, ಲಾರಿಯವರು ತೆರಿಗೆ ಕಟ್ಟುವುದಿಲ್ಲ ಎಂದು. ಮೇಲಿನ ಸೊನ್ನೆ ಕೇಳಿ ನಿಮ್ಮಲ್ಲೂ ಕೆಲವರಿಗೆ ಹಾಗನ್ನಿಸಿರಬಹುದು. ಡೀಸೆಲ್ ನೋಡಿ. ಅದು ಜಿಎಸ್‌ಟಿಯ ಹೊರಗಿದೆ. 2025ರ ಏಪ್ರಿಲ್ 1ರಂದು ನಮ್ಮ ರಾಜ್ಯ ಅದರ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿತು, ಬೆಂಗಳೂರಿನಲ್ಲಿ ಲೀಟರ್ 91 ರೂಪಾಯಿ ದಾಟಿತು. ಆ ತಿಂಗಳಲ್ಲೇ ಲಾರಿ ಮಾಲೀಕರು ಮುಷ್ಕರ ಹೂಡಿದರು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ವರ್ಷಕ್ಕೆ 50,000 ಕಿಲೋಮೀಟರ್ ಓಡಿದರೆ 12,500 ಲೀಟರ್. ಆ ದರದಲ್ಲಿ ರಾಜ್ಯದ ಪಾಲೇ ಒಂದೂಮುಕ್ಕಾಲು ಲಕ್ಷ ಮೀರುತ್ತದೆ. ಕೇಂದ್ರದ ಅಬಕಾರಿ ಸುಂಕ ಬೇರೆ, ಕ್ವಾರ್ಟರ್ ಟ್ಯಾಕ್ಸ್ ಬೇರೆ, ಟೋಲ್ ಬೇರೆ. ಹೊಸ ಲಾರಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28 ಇದ್ದದ್ದು ಶೇ 18ಕ್ಕೆ ಇಳಿಯಿತು, ಒಳ್ಳೆಯದೇ, ಟೈರಿನದೂ ಹಾಗೆಯೇ. ಆದರೆ ಜಿಎಸ್‌ಟಿಯ ಹೊರಗಿರುವ ಒಂಟಿ ಗಾಡಿಯವನು ಅದರಲ್ಲಿ ಒಂದು ಪೈಸೆಯನ್ನೂ ಹಿಂದಕ್ಕೆ ಪಡೆಯಲಾರ.

ಲಾರಿಯವನು ತೆರಿಗೆ ಕಟ್ಟುತ್ತಾನೆ. ಅವನ ಹೆಸರಿನಲ್ಲಿ ಕಟ್ಟುವುದಿಲ್ಲ, ಅಷ್ಟೇ. ಡೀಸೆಲ್ ಬಂಕಿನ ಹೆಸರಲ್ಲಿ, ಟೈರ್ ಅಂಗಡಿಯ ಹೆಸರಲ್ಲಿ ಕಟ್ಟುತ್ತಾನೆ. ಲಕ್ಷಗಟ್ಟಲೆ ತೆತ್ತವನ ಹೆಸರಿನಲ್ಲಿ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ತನ್ನ ಹೆಸರಿನಲ್ಲಿ ಆ ಒಂದು ಸಾಲನ್ನು ಬರೆಸಿಕೊಳ್ಳುವ ದಾರಿ ಒಂದೇ, ಸೊನ್ನೆ ತೆರಿಗೆಯ ರಿಟರ್ನ್.

ಅದು ಯಾಕೆ ಬೇಕು ಎಂಬುದನ್ನು ನಾನು ಒಬ್ಬ ಹೆಣ್ಣುಮಗಳಿಂದ ಕಲಿತೆ. ಗಣಿ ಲೈನಿನ ಮನೆಯವರು. ಗಂಡನ ಲಾರಿಗೆ ಎದುರಿನಿಂದ ಬಂದ ಗಾಡಿ ನುಗ್ಗಿತ್ತು, ತಪ್ಪು ಆ ಗಾಡಿಯದು. ಪರಿಹಾರದ ಕೇಸಿಗೆ ಗಂಡನ ಆದಾಯದ ದಾಖಲೆ ಬೇಕೆಂದು ವಕೀಲರು ನನ್ನ ಹತ್ತಿರ ಕಳಿಸಿದ್ದರು. ಆಕೆ ಒಂದು ಬಟ್ಟೆ ಚೀಲ ತಂದು ಮೇಜಿನ ಮೇಲೆ ಸುರಿದರು. ಡೀಸೆಲ್ ಚೀಟಿ, ಕಂತಿನ ರಸೀದಿ, ಎಣ್ಣೆ ಮೆತ್ತಿದ ಟ್ರಿಪ್ ಶೀಟು. ಎಲ್ಲವೂ ಖರ್ಚಿನ ಕಾಗದ, ಆದಾಯದ್ದು ಒಂದೂ ಇಲ್ಲ. ತೆರಿಗೆ ಬರುವುದಿಲ್ಲವೆಂದು ಅವನು ಒಂದು ವರ್ಷವೂ ರಿಟರ್ನ್ ಹಾಕಿರಲಿಲ್ಲ. ಸತ್ತ ಮೇಲೆ ಹಾಕಿದ ರಿಟರ್ನನ್ನು ಯಾರು ನಂಬುತ್ತಾರೆ? ದಾಖಲೆ ಇಲ್ಲದವರಿಗೆಂದು ಹಿಡಿಯುವ ಕಾಲ್ಪನಿಕ ಆದಾಯವನ್ನೇ ಅವನಿಗೂ ಹಿಡಿದರು. ಲಾರಿಯ ಒಡೆಯ ಕೋರ್ಟಿನ ಕಾಗದದಲ್ಲಿ ದಿನಗೂಲಿಯವನಾದ.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಮೂವತ್ತೆಂಟು ವಯಸ್ಸಿನವನು, ಮನೆಯಲ್ಲಿ ಹೆಂಡತಿ ಇಬ್ಬರು ಮಕ್ಕಳು ಎನ್ನಿ. ರಿಟರ್ನಿನಲ್ಲಿ 3,36,000 ಇದ್ದು ಅದನ್ನೇ ಒಪ್ಪಿದರೆ, ಮುಂದಿನ ಏಳಿಗೆಗೆಂದು ಶೇ 40 ಸೇರಿಸುತ್ತಾರೆ, ಅವನ ಸ್ವಂತ ಖರ್ಚಿಗೆ ಮೂರನೆಯ ಒಂದು ಪಾಲು ಕಳೆಯುತ್ತಾರೆ, ಆ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಮಾಡಿದ 15ರಿಂದ ಗುಣಿಸುತ್ತಾರೆ. 47 ಲಕ್ಷ ದಾಟುತ್ತದೆ. ಲಾರಿ ಇನ್ನೂ ಉಳಿದಿದೆಯಲ್ಲ, ಡ್ರೈವರ್ ಇಟ್ಟು ಓಡಿಸಿ ಎಂದು ವಿಮೆಯವರು ವಾದಿಸಬಹುದು, ಸ್ವಲ್ಪ ಕಡಿತವಾಗಬಹುದು. ಆದರೂ ವಾದಕ್ಕೆ ನಿಲ್ಲಲು ನೆಲ ಇರುತ್ತದೆ. ಆದಾಯ ಅರ್ಧ ಎಂದು ಹಿಡಿದರೆ ಪರಿಹಾರವೂ ಅರ್ಧ.

ಸುಂಕದವನು ಸುಖದುಃಖ ಕೇಳುವುದಿಲ್ಲ, ನಿಜ. ಆದರೆ ಮನೆಗೆ ದುಃಖ ಬಂದ ದಿನ ನ್ಯಾಯಾಲಯ ಕೇಳುವುದು ಸುಂಕದವನ ಸಾಕ್ಷಿಯನ್ನೇ.

ಕೇಳದ ಲೆಕ್ಕ

ಕೊನೆಯ ಮಾತಿಗೆ ಬಂದೆ. ಗಣಿ ತನ್ನ ಟನ್ನಿನ ಲೆಕ್ಕ ಕೊನೆಯವರೆಗೂ ಬರೆದಿಟ್ಟಿತ್ತು ಎಂದೆ. ಲಾರಿಯವರಿಗೆ ಕಾನೂನು ಪುಸ್ತಕ ಬೇಡ ಎಂದದ್ದು ದಯೆ. ಅದನ್ನು ನಮ್ಮವರು ನನಗೂ ಬೇಡ ಎಂದು ಅರ್ಥ ಮಾಡಿಕೊಂಡದ್ದು ತಪ್ಪು. ಗಾಡಿ ಸೀಜ್ ಆದ ಮೇಲೆ ನನ್ನ ಹತ್ತಿರ ಬಂದ ಯಾರಿಗೂ ತಮ್ಮ ಲಾರಿ ಕಿಲೋಮೀಟರಿಗೆ ಎಷ್ಟು ದುಡಿಯುತ್ತಿತ್ತು ಎಂಬುದು ಗೊತ್ತಿರಲಿಲ್ಲ.

ಊಹೆಗೆ ಒಂದು ಟ್ರಿಪ್ ತೆಗೆದುಕೊಳ್ಳಿ. ಹೋಗಿ ಬಂದು ಸಾವಿರ ಕಿಲೋಮೀಟರ್, ಬಾಡಿಗೆ ಎರಡೂ ಕಡೆಯದು ಸೇರಿ 40,000. ಡೀಸೆಲ್ 250 ಲೀಟರ್, 22,750. ಟೋಲ್, ಬಾಟಾ, ಹಮಾಲಿ, ಬ್ರೋಕರ್ ಕಮಿಷನ್ ಎಲ್ಲ ಸೇರಿ 9,000 ಎನ್ನಿ. ಕೈಗೆ 8,250 ಬಂತು. ಡ್ರೈವರು ಅದನ್ನು ಗಳಿಕೆ ಎಂದುಕೊಂಡು ಮನೆಗೆ ಹೋಗುತ್ತಾನೆ. ಅದರೊಳಗೆ ಹತ್ತು ಟೈರಿನ ಸವೆತ ಇದೆ, ಇನ್ಶೂರೆನ್ಸ್ ಇದೆ, ಎಫ್‌ಸಿ ಇದೆ, ಕ್ವಾರ್ಟರ್ ಟ್ಯಾಕ್ಸ್ ಇದೆ, ಕಂತು ಇದೆ. ಅವು ಯಾವುವೂ ಆ ದಿನ ಬಾಯಿ ಬಿಡುವುದಿಲ್ಲ, ಎಲ್ಲ ಒಂದೇ ತಿಂಗಳಲ್ಲಿ ಒಟ್ಟಿಗೆ ಕೂಗುತ್ತವೆ. ಆಗ ಕೈಗಡ, ಕೈಗಡಕ್ಕೆ ಮೀಟರ್ ಬಡ್ಡಿ. ಬಡ್ಡಿ ತೀರಿಸಲು ಓವರ್‌ಲೋಡ್. ಅದು ಸಿಕ್ಕಿದರೆ 20,000 ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಅಲ್ಲೂ ಟನ್ನೇ.

ಇದಕ್ಕೆ ಮದ್ದು ಕಂಪ್ಯೂಟರ್ ಅಲ್ಲ. ನೂರು ಪುಟದ ಒಂದು ನೋಟ್‌ಬುಕ್, ನಾಲ್ಕು ಕಾಲಂ: ಕಿಲೋಮೀಟರ್, ಬಾಡಿಗೆ, ಡೀಸೆಲ್, ಇತರೆ. ಟ್ರಿಪ್ ಮುಗಿದ ರಾತ್ರಿಯೇ ಬರೆಯಬೇಕು. ಐದನೆಯದಾಗಿ, ಕಿಲೋಮೀಟರಿಗೆ ಎರಡೋ ಮೂರೋ ರೂಪಾಯಿ ಟೈರು ಮತ್ತು ಇನ್ಶೂರೆನ್ಸಿಗೆಂದು ಬೇರೆ ಖಾತೆಗೆ ಹಾಕಿಬಿಡಬೇಕು, ಆ ಖಾತೆಯ ಎಟಿಎಂ ಕಾರ್ಡು ಹೆಂಡತಿಯ ಹತ್ತಿರ ಇರಬೇಕು. ನಿಮ್ಮಲ್ಲಿ ನಗುತ್ತಿರುವವರು ಹಾಗೆ ಮಾಡಿ ನೋಡಿದವರೇ ಇರಬೇಕು. ಫಾಸ್ಟ್ಯಾಗ್ ಬಂದ ಮೇಲೆ ಟೋಲಿನ ಲೆಕ್ಕ ಮೊಬೈಲಿನಲ್ಲೇ ಇದೆ. ಬಾಡಿಗೆ ಖಾತೆಗೇ ಬರಲಿ. ಮೂರು ಗಾಡಿ ದಾಟಿ ತೆರಿಗೆ ಬರತೊಡಗಿದವರು ಒಂದು ನೆನಪಿಡಿ: ಅಂಗಡಿಯವರ ಅಂದಾಜು ತೆರಿಗೆಯಂತೆ ಮಾರ್ಚ್‌ನಲ್ಲಿ ಒಂದೇ ಸಲ ಕಟ್ಟಲು ನಿಮಗೆ ಅವಕಾಶವಿಲ್ಲ, ಮುಂಗಡ ತೆರಿಗೆಯ ನಾಲ್ಕು ಕಂತು ಕಟ್ಟಬೇಕು. ಕಂತು ಕಟ್ಟುವುದು ಲಾರಿಯವರಿಗೆ ಯಾರೂ ಕಲಿಸಬೇಕಿಲ್ಲ.

ಸರ್ಕಾರಕ್ಕೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಂತ ತಿಂಗಳನ್ನೂ ಓಡಿದ ತಿಂಗಳೆಂದು ಹಿಡಿಯುವುದು ಹೇರು ಇಲ್ಲದ ಎತ್ತಿಗೆ ಸುಂಕ ಹಾಕಿದಂತೆ. ಹಳೆಯ ಸುಂಕದವನೂ ಬರಿ ಎತ್ತನ್ನು ಬಿಡುತ್ತಿದ್ದನಲ್ಲ. ಈಗ ಫಾಸ್ಟ್ಯಾಗ್ ಇದೆ, ಇ-ವೇ ಬಿಲ್ಲಿದೆ, ಗಾಡಿ ಎಲ್ಲಿ ಓಡಿತು ಎಲ್ಲಿ ನಿಂತಿತು ಎಂಬುದು ಸರ್ಕಾರಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ದಂಡ ಹಾಕಲು ಬಳಸುವ ಆ ಕಣ್ಣನ್ನು ವಿನಾಯಿತಿ ಕೊಡಲೂ ಬಳಸಬಹುದು.

 ಚಹಾ ಬರುತ್ತಿದೆ. ಆರ್‌ಸಿ ಬುಕ್ ತಂದವರು ಮುಂದಿನ ಸಾಲಿಗೆ ಬನ್ನಿ. ಒಟ್ಟು ತೂಕ ಎಲ್ಲಿ ಬರೆದಿದೆ, ಹೆಸರು ಯಾರದಿದೆ ಎಂದು ಮೊದಲು ನೋಡೋಣ. ಉಳಿದದ್ದು ಆಮೇಲೆ.